ಕೊಕ್ಕರೆಯ ಹೊಟ್ಟೆಯೊಳಗೆ

ಗಿಯೋನ್ ಹಬ್ಬದ ಬೆಳಿಗ್ಗೆ ಕಿಸುಕೆಯ ಬೆಕ್ಕು ನೊಣ ಹಿಡಿಯಲು ಹಾರಿ, ಆರು ಮಡಿಕೆಯಾಗಿ ಮಡಚಿಡುವ ಕಾಗದದ ಚಿತ್ರತೆರೆಯಲ್ಲಿದ್ದ ಕೊಕ್ಕರೆಯ ಹೊಟ್ಟೆ ಸೀಳಿಬಿಟ್ಟಿತು. ತೂತು ಅಂಗೈ ಅಗಲ.

ಹಬ್ಬಕ್ಕೆ ಬೀದಿಯ ಪ್ರತಿ ಮನೆಯೂ ಮುಂಬಾಗಿಲ ಜಾಲರಿ ತೆಗೆದು ಹಿರಿಯರ ತೆರೆಗಳನ್ನು ಜನರಿಗೆ ತೋರಿಸಬೇಕು. ಬೀಸಣಿಗೆ ಮಾರುವ ಕಿಸುಕೆಯ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ.

"ಅಂಟಿಸೋಣ್ವಾ?" ಎಂದಳು ಹೆಂಡತಿ ಇತೊ.

"ಗಂಜಿ ಮೆತ್ತಿದ್ರೆ ಕೊಕ್ಕರೆಗೆ ಕಜ್ಜಿ ಬಂದ ಹಾಗಿರುತ್ತೆ. ನಾನೇ ಅಡ್ಡ ಕೂತ್ಕೋತೀನಿ, ಬಿಡು."

ಕೂತ. ಬೆಂಕಿಯಂಥ ಸೆಕೆ. ನಮಸ್ಕರಿಸಲು ಪೂರ್ತಿ ಬಾಗಿದರೆ ತೂತು ಕಂಡೀತೆಂದು, ಬಂದವರಿಗೆಲ್ಲ ಓತಿಕ್ಯಾತದ ಹಾಗೆ ಕತ್ತನ್ನಷ್ಟೇ ಕುಣಿಸಿದ.

ಪಕ್ಕದ ಮನೆಯ ಸಾವಾ ಅಜ್ಜಿ ಬಂದಳು. ಅವಳ ಮೂಗು ತೂರದ ಜಾಗ ಆ ಬೀದಿಯಲ್ಲಿರಲಿಲ್ಲ.

"ಏನೋ ಕಿಸುಕೆ, ಮೊಟ್ಟೆಗೆ ಕಾವು ಕೊಡ್ತಿದೀಯಾ?"

"ಸೊಂಟ ಹಿಡ್ಕೊಂಡಿದೆ ಅಜ್ಜಿ."

"ಅಯ್ಯೋ ಪಾಪ!" ಸೊಂಟಕ್ಕೆ ಒಳ್ಳೆಯದೆಂದು ಅಜ್ಜಿ ಐದು ಲೋಟ ಬಾರ್ಲಿ ಚಹಾ ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಐದೂ ಲೋಟ ಹೊರಬರಲು ಹಠ ಹಿಡಿದವು. ಕಿಸುಕೆಯ ಮುಖ ಬೆಂದ ಏಡಿಯಂತಾಯಿತು.

ನೋವೇ ಜಾಸ್ತಿಯಾಯಿತೆಂದುಕೊಂಡ ಅಜ್ಜಿ, ತೆರೆ ರಿಪೇರಿ ಮಾಡುವ ಗೆಂಪಾಚಿಯನ್ನು ಎಳೆತಂದಳು. "ಇವನ ಕೈ ಗಟ್ಟಿ. ಎತ್ತಪ್ಪಾ ಇವನನ್ನ!"

ಎತ್ತಿದ್ದೇ ತಡ, ಕಿಸುಕೆ ಹಿಂದೆ ನೋಡದೆ ಬಚ್ಚಲಿಗೆ ಓಡಿದ. ಮರಳುವಷ್ಟರಲ್ಲಿ ಅರ್ಧ ಬೀದಿ ತೂತಿನ ಸುತ್ತ ನೆರೆದಿತ್ತು.

"ಅಳಬೇಡಿ ಕಿಸುಕೆಯವ್ರೆ," ಎಂದ ಗೆಂಪಾಚಿ, ತೂತಿಗೆ ಕಣ್ಣಿಟ್ಟು. "ನಿಮ್ಮ ತಾತ ಇದನ್ನ ರಿಪೇರಿ ಮಾಡಿಸಿದಾಗ ಮನೇಲಿದ್ದ ಹಳೇ ಪತ್ರಗಳನ್ನೇ ಒಳಗೆ ಅಂಟಿಸಿದಾರೆ. ಇಂಥಾದ್ರಲ್ಲಿ ಕೆಲವು ಸಲ ಚಿತ್ರಕ್ಕಿಂತ ಬೆಲೆಬಾಳೋದು ಸಿಗುತ್ತೆ!"

ಕಿಸುಕೆಯ ಎದೆ ಒಂದು ಗೇಣು ಉಬ್ಬಿತು. "ಗಟ್ಟಿಯಾಗಿ ಓದಪ್ಪಾ! ಬೀದಿಗೆಲ್ಲ ಕೇಳ್ಲಿ!"

ಗೆಂಪಾಚಿ ಓದಿದ: "'ಹಬ್ಬ ಮುಗಿಸಿ ಕೊಡುತ್ತೇನೆಂದು ಒಯ್ದ ನಮ್ಮ ಕೊಕ್ಕರೆ ತೆರೆಯನ್ನು ದಯವಿಟ್ಟು ಹಿಂತಿರುಗಿಸಿ. ಇದು ಏಳನೆಯ ಪತ್ರ.'" ಇನ್ನಷ್ಟು ಇಣುಕಿದ. "ಕೆಳಗೆ ಆರನೇದೂ ಇದೆ."

ಸಾವಾ ಅಜ್ಜಿ ಅವನನ್ನು ಪಕ್ಕಕ್ಕೆ ತಳ್ಳಿ ಬಗ್ಗಿದಳು. "ನಮ್ಮ ಮಾವನ ಸಹಿ!"

ಅಜ್ಜಿ ನಿಧಾನವಾಗಿ ಎದ್ದು, ಎಲ್ಲರಿಗೂ ಕೇಳುವಂತೆ, ಜೇನಿನಂಥ ದನಿಯಲ್ಲಿ ಹೇಳಿದಳು:

"ಎಂಥಾ ಒಳ್ಳೇ ಜನ ನೋಡಿ! ಎಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿ, ವಾಪಸ್ ಕೊಡೋ ದಿನ ನೋಡ್ಕೊಂಡು ತೂತು ಮಾಡಿದಾರೆ."

ಕಿಸುಕೆ ಬಾಗಿದ. ಈ ಸಲ ಹಣೆ ಚಾಪೆ ಮುಟ್ಟಿತು.