ಹಿಂದಿನ ಮಗ್ಗಲಾ ತೋರಸ್ರಿ

ನಮ್ಮ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗಲಿಲ್ಲ ಅಂದರೆ ಆ ದಿನ ಕರೆಂಟು ಇರಲಿಲ್ಲ ಅಂತ ಅರ್ಥ.

ಬಾಗಲಕೋಟೆಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಮೊದಲು ಅದು ಮದುವೆ ಆಲ್ಬಂ ಮಾಡುವ ಸ್ಟುಡಿಯೋ ಆಗಿತ್ತು. ಕಂಪ್ಯೂಟರಿನಲ್ಲಿ ಮದುಮಗನ ಮುಖ ಬೆಳ್ಳಗೆ ಮಾಡುವುದು ನನ್ನ ಕೆಲಸ. ಎಷ್ಟು ಬೆಳ್ಳಗೆ ಮಾಡಿದರೂ ಅವನ ತಾಯಿಗೆ ಸಾಲುತ್ತಿರಲಿಲ್ಲ. ಆಮೇಲೆ ನಮ್ಮ ಸಾಹೇಬರಿಗೆ ಶಾಲೆಯ ಮಕ್ಕಳಿಗಾಗಿ ವೆಬ್‌ಸೈಟ್ ಮಾಡುವ ಹುಕಿ ಬಂತು. ಬಾದಾಮಿಯ ಶಿಲ್ಪ, ಇಳಕಲ್ಲ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ಇವುಗಳ ಫೋಟೋವನ್ನು ತುಣುಕು ತುಣುಕಾಗಿ ತೆಗೆದು, ಜೋಡಿಸಿ, ಒಂದೇ ದೊಡ್ಡ ಚಿತ್ರ ಮಾಡುವುದು. ಮಕ್ಕಳು ಅದನ್ನು ಪರದೆಯ ಮೇಲೆ ದೊಡ್ಡದು ಮಾಡುತ್ತ ಹೋದರೆ ಕಲ್ಲಿನ ಮೇಲಿನ ಉಳಿಯ ಗೆರೆ, ಸೀರೆಯ ಒಂದೊಂದು ಎಳೆ ಕಾಣಬೇಕು.

ಶಿಕ್ಷಣ ಇಲಾಖೆಯ ಅಧಿಕಾರಿ ನೋಡಿ ಒಪ್ಪಿದರೆ ಇದು ಜಿಲ್ಲೆಯ ಶಾಲೆಗಳಿಗೆಲ್ಲ ಹೋಗುತ್ತದೆ. ಒಪ್ಪದಿದ್ದರೆ ನಾನು ಮತ್ತೆ ಮದುಮಗಂದಿರ ಮುಖ ತೊಳೆಯಲು ಕೂಡಬೇಕು. ಆ ಅಂಜಿಕೆಯಿಂದಲೇ ನಾನು ಮೈಮುರಿದು ದುಡಿದೆ, ವಿದ್ಯೆಯ ಮೇಲಿನ ಪ್ರೀತಿಯಿಂದಲ್ಲ.

೧. ಹತ್ತೊಂಬತ್ತನೆಯ ಕೈ

ಬಾದಾಮಿಯ ಮೊದಲ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜ ಇದ್ದಾನೆ. ಬಾದಾಮಿಯಲ್ಲಿ ಮಂಗಗಳೂ ಇವೆ. ನಾವು ಫೋಟೋ ತೆಗೆದ ದಿನ ಒಂದು ಮಂಗ ನಮ್ಮ ಚೀಲದಿಂದ ಬಿಸ್ಕೀಟಿನ ಪುಡಿಕೆ ಎಳೆದುಕೊಂಡು ಹೋಗಿ ನಟರಾಜನ ಪಕ್ಕದಲ್ಲೇ ಕೂತು ತಿನ್ನತೊಡಗಿತು. ಓಡಿಸಲು ಹೋದರೆ ಹಲ್ಲು ಕಿಸಿಯಿತು. ಸಾಹೇಬರು ಕ್ಯಾಮೆರಾದ ಹಿಂದೆ ಸರಿದರು, ನಾನು ಸಾಹೇಬರ ಹಿಂದೆ ಸರಿದೆ.

ಆಫೀಸಿಗೆ ಬಂದು ತುಣುಕು ಜೋಡಿಸುವಾಗ ಮಂಗವನ್ನು ಅಳಿಸಿದೆ. ಒಂದು ತುಣುಕಿನಲ್ಲಿ ಅದರ ತೋಳು ಮಾತ್ರ ಉಳಿದಿತ್ತು. ಅದೂ ಕಲ್ಲಿನ ಬಣ್ಣದ್ದೇ ಆಗಿದ್ದರಿಂದ ನನ್ನ ಕಣ್ಣಿಗೆ ಬೀಳಲಿಲ್ಲ.

ಹುನಗುಂದದ ಒಂದು ಶಾಲೆಯಲ್ಲಿ ಮೊದಲ ಸಲ ತೋರಿಸಿದೆವು. ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು, ಕೈ ಹತ್ತೊಂಬತ್ತು ಅದಾವು ಅಂದಳು. ನಿನ್ನ ಎಣಿಕೆ ತಪ್ಪಿದೆ, ಕೂಡು ಅಂದೆ. ಅವಳು ಕೂಡಲಿಲ್ಲ. ಮುಂದೆ ಬಂದು ಆ ಕೈಯೊಂದನ್ನೇ ದೊಡ್ಡದು ಮಾಡುತ್ತ ಹೋದಳು. ಬೆರಳು ಬಂತು, ಉಗುರು ಬಂತು, ಉಗುರಿನ ನಡುವೆ ಕ್ರೀಮ್ ಬಿಸ್ಕೀಟು ಬಂತು. ಬಿಸ್ಕೀಟಿನ ಅಂಚಿನ ಚುಕ್ಕೆಗಳೂ ಸ್ಪಷ್ಟವಾಗಿದ್ದವು. ನಮ್ಮ ಚಿತ್ರದ ಗುಣಮಟ್ಟವೇ ಅಂಥದ್ದು.

"ಇದು ಯಾವ ಆಯುಧರಿ ಅಕ್ಕಾರ?" ಎಂದು ಕೇಳಿದಳು.

ಹೊರಗೆ ಬಂದು ಸಾಹೇಬರಿಗೆ ಫೋನು ಮಾಡಿದೆ. ಅವರು, "ಮತ್ತ ಫೋಟೋ ತಗ್ಯಾಕ ಆ ಮಂಗ್ಯಾನ ಮುಂದ ನಾ ಅಂತೂ ಹೋಗಂಗಿಲ್ಲ. ನೀ ಚಿತ್ರದ ಕೆಳಗಿನ ಪಾಠದಾಗ ಹತ್ತೊಂಬತ್ತ ಅಂತ ಬರದಬಿಡು" ಅಂದರು.

೨. ಬೆಳೆಯುವ ಖಣ

ಗುಳೇದಗುಡ್ಡದ ಅಂಗಡಿಯವರೊಬ್ಬರು ಫೋಟೋಕ್ಕೆಂದು ಖಣ ಕೊಟ್ಟಿದ್ದರು. ಚಿತ್ರ ತೋರಿಸಿ ಬರೋಣ ಎಂದು ಹೋದೆ. ಅವರು ಪರದೆಯ ಮೇಲಿನ ಖಣವನ್ನು ಗೇಣಿನಿಂದ ಅಳೆದರು. ನಾನು ದೊಡ್ಡದು ಮಾಡಿದೆ. ಮತ್ತೆ ಅಳೆದರು. ಇನ್ನೂ ದೊಡ್ಡದು ಮಾಡಿದೆ. ಅಳೆಯುವುದನ್ನು ಬಿಟ್ಟು ಒಳಗಿದ್ದ ಹೆಂಡತಿಯನ್ನು ಕರೆದರು.

"ಬಾ ಇಲ್ಲೆ, ನೋಡು. ಒಂದ ಖಣದಾಗ ಇಡೀ ಓಣಿಗೆ ಕುಪ್ಪಸ ಹೊಲಿಸಾಕತ್ಯಾಳ ಈಕಿ. ಇನ್ನ ನಮ್ಮ ಅಂಗಡಿಗೆ ಯಾರ ಬರ್ತಾರ?"

೩. ಹೆಡ್‌ಮಾಸ್ತರರ ಕನ್ನಡಕ

ನಮ್ಮ ಚಿತ್ರ ದೊಡ್ಡದು, ಹಳ್ಳಿಯ ನೆಟ್ ಸಣ್ಣದು. ಅದಕ್ಕೆಂದೇ ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿ ಇಟ್ಟಿರುತ್ತೇವೆ. ನೀವು ಎಲ್ಲಿ ದೊಡ್ಡದು ಮಾಡುತ್ತೀರೋ ಅಲ್ಲಿನ ಚೌಕಗಳಷ್ಟೇ ಬರುತ್ತವೆ. ಮೊದಲು ಮಸುಕಾಗಿ ಕಾಣುತ್ತದೆ, ಸ್ವಲ್ಪ ತಡೆದರೆ ಸ್ಪಷ್ಟವಾಗುತ್ತದೆ.

ಹುನಗುಂದದ ಅದೇ ಶಾಲೆಯ ಹೆಡ್‌ಮಾಸ್ತರರು ಸ್ವತಃ ಮೌಸ್ ಹಿಡಿದರು. ಚಿತ್ರ ಮಸುಕಾಯಿತು. ಅವರು ಕನ್ನಡಕ ತೆಗೆದು, ಟಾವೆಲಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಚೌಕಗಳು ಬಂದಿದ್ದವು. ಚಿತ್ರ ನಿಚ್ಚಳ. ಅವರಿಗೆ ಸಮಾಧಾನವಾಯಿತು. ಇನ್ನೊಂದು ಕಡೆ ದೊಡ್ಡದು ಮಾಡಿದರು, ಮತ್ತೆ ಮಸುಕು, ಮತ್ತೆ ಒರೆಸಿದರು, ಮತ್ತೆ ನಿಚ್ಚಳ.

ಇದು ನೆಟ್ಟಿನ ತೊಂದರೆ ಎಂದು ನಾನು ಎಷ್ಟೋ ಹೇಳಿದೆ. ಕಣ್ಣಾರೆ ಕಂಡದ್ದನ್ನು ಬಿಟ್ಟು ನನ್ನ ಮಾತು ಯಾಕೆ ನಂಬಬೇಕು ಅವರು? ಮುಂದಿನ ಸಲ ಹೋದಾಗ ಶಿಕ್ಷಕರೆಲ್ಲ ಸಾಲಾಗಿ ಕೂತು ಕನ್ನಡಕ ಒರೆಸುತ್ತಿದ್ದರು. ಕನ್ನಡಕ ಇಲ್ಲದ ಡ್ರಿಲ್ ಮಾಸ್ತರರು ಕಣ್ಣನ್ನೇ ತಿಕ್ಕುತ್ತಿದ್ದರು. ಆ ದಿನ ಮೊದಲ ಮಸುಕು ಚಿತ್ರ ಬಂದದ್ದೇ ನೆಟ್ ಪೂರ್ತಿ ಹೋಗಿತ್ತು. ಎಷ್ಟು ಒರೆಸಿದರೂ ಮಸುಕು ಹೋಗಲಿಲ್ಲ.

ಹೆಡ್‌ಮಾಸ್ತರರು ಕಿಟಕಿಯ ಹೊರಗೆ ನೋಡಿ, "ಇವತ್ತ ಧೂಳ ಭಾಳ ಐತ್ರಿ" ಅಂದರು.

೪. ಸೀರೆಯ ಪರೀಕ್ಷೆ

ಕೊನೆಗೂ ಅಧಿಕಾರಿಗಳು ಬರುವ ದಿನ ಬಂತು. ಜಾಗ ಇಳಕಲ್ಲಿನ ಒಂದು ಶಾಲೆಯ ಸಭೆಯ ಹಾಲ್. ಗೋಡೆಯ ತುಂಬ ನಕ್ಷೆ, ಅಕ್ಷರಮಾಲೆ ಬರೆದಿದ್ದರಿಂದ ಸಾಹೇಬರು ತಮ್ಮ ಬಿಳಿ ಧೋತರವನ್ನೇ ಹಾಲಿನ ನಡುವೆ ಹಗ್ಗಕ್ಕೆ ಕಟ್ಟಿದರು. ಅದರ ಮೇಲೆ ಚಿತ್ರ ಬೀಳುವಂತೆ ಪ್ರೊಜೆಕ್ಟರ್ ಇಟ್ಟೆವು. ಮಗ್ಗದ ಮನೆಗಳ ಹೆಣ್ಣುಮಕ್ಕಳನ್ನೂ ಕರೆದಿದ್ದರು. ನಮ್ಮ ಪರ ಸಾಕ್ಷಿ ಹೇಳಲು ಹುನಗುಂದದ ಹೆಡ್‌ಮಾಸ್ತರರೂ ಬಂದಿದ್ದರು.

ಇಳಕಲ್ಲ ಸೀರೆಯ ಚಿತ್ರ ಹಾಕಿದೆ. ಕೆಂಪು ಸೆರಗು ದೊಡ್ಡದು ಮಾಡಿದೆ. ಸೆರಗಿನ ನೂಲು ಒಡಲಿನ ನೂಲಿಗೆ ಕೊಂಡಿ ಹಾಕಿಕೊಂಡ ಜಾಗವನ್ನು ಎಳೆ ಎಳೆಯಾಗಿ ತೋರಿಸಿದೆ. ಅಧಿಕಾರಿಗಳು ಖುಷಿಯಾಗಿ ಪೆನ್ನು ತೆಗೆದರು. ಸಹಿ ಮಾಡುವ ಮೊದಲು ಮುಂದೆ ಕೂತಿದ್ದ ಅಜ್ಜಿಯೊಬ್ಬಳನ್ನು, ಸೀರಿ ಹೆಂಗೈತಿ ಎಂದು ಕೇಳಿದರು.

ಅಜ್ಜಿ ಹೇಳಿದಳು: "ಹಿಂದಿನ ಮಗ್ಗಲಾ ತೋರಸ್ರಿ."

ಇಳಕಲ್ಲಿನಲ್ಲಿ ತಿರುವಿ ನೋಡದೆ ಯಾರೂ ಸೀರೆಗೆ ಚಲೋ ಐತಿ ಅನ್ನುವುದಿಲ್ಲ. ಇದು ಫೋಟೋ, ಇದಕ್ಕೆ ಹಿಂದಿನ ಮಗ್ಗಲು ಇರುವುದಿಲ್ಲ ಎಂದು ತಿಳಿಸಿ ಹೇಳಿದೆ.

"ಹಿಂದಿನ ಮಗ್ಗಲಾ ಇಲ್ಲದ ಸೀರಿ ತಂದೀಯೇನ ತಂಗಿ, ಇಳಕಲ್ಲಿಗೆ?"

ಅಧಿಕಾರಿಗಳು ಪೆನ್ನನ್ನು ಕಿಸೆಗೆ ಇಟ್ಟರು. ಸುಣ್ಣ ಬಳಿದಂಥ ಮದುಮಗಂದಿರ ಮುಖಗಳು ಸಾಲಾಗಿ ನನ್ನ ಕಣ್ಣ ಮುಂದೆ ಬಂದವು.

ಅಜ್ಜಿ ಎದ್ದಳು. ಯಾರನ್ನೂ ಕೇಳದೆ ಧೋತರದ ಹಿಂದಕ್ಕೆ ನಡೆದಳು. ತೆಳುವಾದ ಧೋತರ, ಬೆಳಕು ಆಚೆಗೂ ಹಾಯ್ದಿತ್ತು. ಅಲ್ಲೂ ಸೀರೆ ಇತ್ತು. ಧೋತರದ ಹಿಂದಿನಿಂದ ಅಜ್ಜಿಯ ಮಾತು ಬಂತು:

"ಹಿಂದೂ ಹಂಗ ಐತಿ. ಒಂದ ಗಂಟ ಇಲ್ಲ. ನೇದಾಕಿ ಶಾಣ್ಯಾಕಿ."

ಹಾಲಿನಲ್ಲಿದ್ದ ಹೆಣ್ಣುಮಕ್ಕಳೆಲ್ಲ ಎದ್ದು ಹಿಂದಕ್ಕೆ ಹೋದರು. ಅವರ ಬೆನ್ನಿಗೆ ಅಧಿಕಾರಿಗಳು, ಅವರ ಬೆನ್ನಿಗೆ ಹೆಡ್‌ಮಾಸ್ತರರು. ಚಿತ್ರದ ಕೆಳಗಿನ ಅಕ್ಷರಗಳೆಲ್ಲ ಹಿಂದಿನಿಂದ ಉಲ್ಟಾ ಕಾಣುತ್ತಿದ್ದವು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಸಭೆ ಮುಗಿದು ಚಹಾ ಬಂದರೂ ಒರೆಸುತ್ತಲೇ ಇದ್ದರು.

ಒಪ್ಪಿಗೆಯ ಆದೇಶ ಬಂತು. ನಾನು ಕುಣಿದಾಡಿದೆ, ನಾಚಿಕೆ ಪಡಲಿಲ್ಲ. ಆದರೆ ಅಧಿಕಾರಿಗಳು ಕೊನೆಯಲ್ಲಿ ಒಂದು ಷರತ್ತು ಸೇರಿಸಿದ್ದರು: ವೆಬ್‌ಸೈಟಿನಲ್ಲಿರುವ ಪ್ರತಿಯೊಂದರ ಹಿಂದಿನ ಮಗ್ಗಲನ್ನೂ ಕಡ್ಡಾಯವಾಗಿ ತೋರಿಸತಕ್ಕದ್ದು.

ನಟರಾಜನ ಹಿಂದಿನ ಮಗ್ಗಲು ಅಂದರೆ ಬಾದಾಮಿ ಗುಡ್ಡದ ಆಚೆ ಕಡೆ. ನಿನ್ನೆ ಸಾಹೇಬರೂ ನಾನೂ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದೆವು. ಕಲ್ಲು, ಪಾಪಾಸುಕಳ್ಳಿ, ಆಡಿನ ಹಿಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಬಂಡೆಯ ಮೇಲೆ ಮಂಗ ಮಾತ್ರ ಮೊದಲೇ ಬಂದು ಕೂತಿತ್ತು. ಈ ಸಲ ಬಿಸ್ಕೀಟನ್ನು ಸಾಹೇಬರು ತಾವಾಗಿಯೇ ಕೊಟ್ಟು, ಎರಡೂ ಕೈ ಜೋಡಿಸಿ ನಿಂತರು.