ಆಗಮಿಸದವನ ನಿರ್ಗಮನ

ಮನುಷ್ಯ ಹುಟ್ಟುವುದು, ಸಾಯುವುದು ದೇವರಿಗೆ ಬಿಟ್ಟ ವಿಚಾರ. ಅವನು ಕಚೇರಿಗೆ ಬರುವುದು, ಕಚೇರಿಯಿಂದ ಹೋಗುವುದು ಮಾತ್ರ ಎಲ್ಮಿನಾದ ಕರಾವಳಿ ತೂಕ-ಅಳತೆ ಮಂಡಳಿಗೆ ಬಿಟ್ಟ ವಿಚಾರ. ಕಳೆದ ವರ್ಷ ಮಂಡಳಿಯು ಇವೆರಡನ್ನೂ ಗಣಕಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಂಡಿತು. ಅದರ ಹೆಸರು ಸ್ವಯಂಚಾಲಿತ ಆಗಮನ-ನಿರ್ಗಮನ ವ್ಯವಸ್ಥೆ. ಹೊಸಬರಿಗೆ ಮೇಜು, ಬೀಗದಕೈ, ಗುರುತಿನ ಚೀಟಿ ಕೊಡುವುದು ಅದೇ; ಹೋಗುವವರಿಂದ ಅವನ್ನೆಲ್ಲ ಕಿತ್ತುಕೊಂಡು ಪಿಂಚಣಿಯ ದಾರಿ ತೋರಿಸುವುದೂ ಅದೇ. ಉದ್ಘಾಟನೆಯ ದಿನ ಕುರಿ ಕಡಿದು, ನೆಲಕ್ಕೆ ಜಿನ್ ಸುರಿದು ಗತಿಸಿದ ಹಿರಿಯರನ್ನು ಕರೆದಿದ್ದರು. ಸ್ವಲ್ಪ ಜಿನ್ ಯಂತ್ರದೊಳಗೂ ಹೋಯಿತೆಂದು, ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣವೆಂದು ಕೆಲವರು ಆಡಿಕೊಳ್ಳುತ್ತಾರೆ. ಅದು ಕುಡಿಯಲು ಸಿಗದವರ ಹೊಟ್ಟೆಕಿಚ್ಚು.

ಉಗ್ರಾಣದ ಹಿರಿಯ ಗುಮಾಸ್ತ ಎಕೊ ಆಮಿಸ್ಸಾನಿಗೆ ಆ ಜುಲೈಯಲ್ಲಿ ಅರವತ್ತು ತುಂಬಿತು. ಜೀವಮಾನವೆಲ್ಲ ಬೇರೆಯವರ ಮೀನು ತೂಗುವ ತಕ್ಕಡಿಗಳಿಗೆ ಮುದ್ರೆ ಒತ್ತಿದವನು ಹೊಟ್ಟೆಬಟ್ಟೆ ಕಟ್ಟಿ ಕೊನೆಗೂ ಒಂದು ದೋಣಿ ಮಾಡಿಸಿದ್ದ. ಅದರ ಪಕ್ಕೆಯ ಮೇಲೆ ಹಳದಿ ಬಣ್ಣದಲ್ಲಿ 'ಸಮುದ್ರಕ್ಕೆ ಗಡಿಯಾರವಿಲ್ಲ' ಎಂದು ಬರೆಸಿದ್ದ. ಮೀನುಗಾರಿಕೆಯ ನಿಷೇಧ ಮುಗಿದು ಕಡಲು ತೆರೆಯುವ ದಿನ ಆ ದೋಣಿಯಲ್ಲಿ ಕೂತು ಹೋಗಬೇಕು ಎಂಬುದೊಂದೇ ಅವನ ಆಸೆ. ಬೆಸ್ತನ ಮಗನಾಗಿ ಹುಟ್ಟಿ ಗುಮಾಸ್ತನಾಗಿ ಸಾಯುವುದು ಅವನಿಗೆ ಬೇಡವಾಗಿತ್ತು.

ಅವನು ಸಿಬ್ಬಂದಿ ಅಧಿಕಾರಿ ಅರಾಬಾ ಡಾಡ್ಜಿಯವರ ಮುಂದೆ ಹೋಗಿ ನಿಂತ. ಊರ ದೊರೆಯ ಜತೆ ಯಾರೂ ನೇರವಾಗಿ ಮಾತಾಡುವಂತಿಲ್ಲ, ಕೋಲು ಹಿಡಿದ ವಕ್ತಾರನ ಮೂಲಕವೇ ಆಡಬೇಕು. ವ್ಯವಸ್ಥೆಗೂ ಮಂಡಳಿ ಅದೇ ಮರ್ಯಾದೆ ಕೊಟ್ಟಿತ್ತು. ಅದರ ವಕ್ತಾರರು ಅರಾಬಾ ಮೇಡಂ.

"ಮೇಡಂ, ನನ್ನನ್ನ ಬಿಡುಗಡೆ ಮಾಡೋಕೆ ಹೇಳಿ."

ಮೇಡಂ ಪರದೆಯತ್ತ ತಿರುಗಿ, ಒತ್ತಿ, ತಲೆಬಾಗಿ ಓದಿದರು. "ನೀವು ಯಾವತ್ತು ಬಂದ್ರಿ ಅಂತ ಕೇಳ್ತಾ ಇದೆ."

"ಅದರಪ್ಪ ಹುಟ್ಟೋಕೆ ಮುಂಚೆ ಅನ್ನಿ."

"ಅದು ದಾಖಲಾಗಿಲ್ಲ. ಅಂದ್ರೆ ನೀವಿನ್ನೂ ಬಂದೇ ಇಲ್ಲ."

"ಹಾಗಾದ್ರೆ ಇಲ್ಲಿ ನಿಂತಿರೋನು ಯಾರು?"

"ಅದನ್ನ ನಾನಾಗಿ ಕೇಳೋಕಾಗಲ್ಲ. ಮರ್ಯಾದೆ ಇರಲ್ಲ."

"ತಿಂಗಳು ತಿಂಗಳು ಸಂಬಳ ಬರ್ತಿದೆಯಲ್ಲ ಮೇಡಂ!"

"ಸಂಬಳದ ಯಂತ್ರ ಬೇರೆ. ಅದಕ್ಕೂ ಇದಕ್ಕೂ ಮಾತಿಲ್ಲ. ವಾರಗಿತ್ತಿಯರ ಹಾಗೆ."

ಆಮೇಲೆ ಮೇಡಂ ನಿಯಮಾವಳಿ ಓದಿ ಹೇಳಿದರು. ನಾಲ್ಕನೆಯ ಕಲಮು: ಆಗಮಿಸದವನು ನಿರ್ಗಮಿಸತಕ್ಕದ್ದಲ್ಲ. ಐದನೆಯ ಕಲಮು: ಮೂವತ್ತೈದು ದಾಟಿದವನು ಆಗಮಿಸತಕ್ಕದ್ದಲ್ಲ. ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದರೆ ಪರಾರಿ ಎಂದು ಬರೆದು ಪಿಂಚಣಿಗೆ ಎಳ್ಳುನೀರು ಬಿಡತಕ್ಕದ್ದು. ಆರನೆಯ ಕಲಮು: ಮರಣಕ್ಕೆ ಮೇಲಿನ ಯಾವುದೂ ಅನ್ವಯಿಸತಕ್ಕದ್ದಲ್ಲ, ಪಿಂಚಣಿಯು ಹೆಂಡತಿಗೆ ಸಲ್ಲತಕ್ಕದ್ದು.

"ಆರನೇದು ಸಲೀಸಾಗಿದೆ," ಎಂದರು ಮೇಡಂ. "ಬಲವಂತ ಇಲ್ಲ. ಯೋಚನೆ ಮಾಡಿ ನೋಡಿ."

ವ್ಯವಸ್ಥೆಯನ್ನು ರೂಪಿಸಿದವರು ದಡ್ಡರಲ್ಲ. ಮರಣಪತ್ರವನ್ನು ಅವರು ನಂಬಿರಲಿಲ್ಲ. ಅದನ್ನು ಯಾರಿಂದ ಬೇಕಾದರೂ ಬರೆಸಬಹುದು. ಅಂತ್ಯಕ್ರಿಯೆಯನ್ನು ನಂಬಿದ್ದರು. ಸುಳ್ಳು ಹೇಳಲೆಂದು ಇಡೀ ಊರಿಗೆ ಊಟ ಹಾಕುವ ಮನುಷ್ಯ ನಮ್ಮ ಕಡಲತೀರದಲ್ಲಿ ಹುಟ್ಟಿಲ್ಲ ಎಂಬುದು ಅವರ ಅಂದಾಜು. ಆದ್ದರಿಂದ ಶಾಮಿಯಾನ, ಗೋಡೆಗೆ ಅಂಟಿಸಿದ ಭಾವಚಿತ್ರ, ಶೋಕದ ಕಪ್ಪು-ಕೆಂಪು ಬಟ್ಟೆ ತೊಟ್ಟ ಬಂಧುಗಳು, ಉಣ್ಣುತ್ತಿರುವ ಜನ, ಇಷ್ಟರ ಫೋಟೋ ಸಲ್ಲಿಸಿದರೆ ಸಾಕಿತ್ತು.

ಎಕೊ ಸಾಯಲು ಒಪ್ಪಿದ. ಸಹೋದ್ಯೋಗಿಗಳು ಟೊಂಕ ಕಟ್ಟಿ ನಿಂತರು. ಭಾವಚಿತ್ರದ ಮೇಲೆ ಏನು ಬರೆಸುವುದೆಂಬ ಬಗ್ಗೆ ಮಾತ್ರ ಜಗಳವಾಯಿತು. 'ಎಂಥ ಆಘಾತ!' ಎಂಬುದು ಎಳೆ ವಯಸ್ಸಿನವರಿಗೆ, 'ಸ್ವರ್ಗದ ಕರೆ' ಎಂಬುದು ತುಂಬು ಬಾಳು ಬಾಳಿದವರಿಗೆ. ಅರವತ್ತು ಎರಡಕ್ಕೂ ಸಲ್ಲದ ಎಡಬಿಡಂಗಿ ವಯಸ್ಸು. ಕೊನೆಗೆ 'ಸಾಕಷ್ಟು ಆಘಾತ' ಎಂದು ಬರೆಸಿದರು.

ಶನಿವಾರ ಅಂತ್ಯಕ್ರಿಯೆ ಅಚ್ಚುಕಟ್ಟಾಗಿ ನಡೆಯಿತು. ಪೆಟ್ಟಿಗೆಯೊಳಗೆ ಉಗ್ರಾಣದ ಮುರುಕು ತಕ್ಕಡಿಯೊಂದನ್ನು ಮಲಗಿಸಿ ಮಣ್ಣು ಮಾಡಿದರು. ದಿವಂಗತರು ಕಪ್ಪು-ಕೆಂಪು ಉಟ್ಟು ಮೊದಲ ಸಾಲಿನಲ್ಲಿ ಕೂತು, ಯಾರು ಯಾರು ಎಷ್ಟು ಮುಯ್ಯಿ ಕೊಟ್ಟರೆಂದು ಧ್ವನಿವರ್ಧಕದಲ್ಲಿ ಕೂಗುವುದನ್ನು ಕಿವಿಗೊಟ್ಟು ಕೇಳಿದರು. ಉಗ್ರಾಣದ ಕಿರಿಯ ಗುಮಾಸ್ತ ಫೀಫಿ ಎದ್ದು, ಎಕೊ ಸಾರ್ ಬಂಗಾರದಂಥ ಮನುಷ್ಯ, ತನಗೆ ತಂದೆಗೆ ಸಮಾನ ಎಂದು ಬಿಕ್ಕಿದಾಗ ಎಕೊನ ಕಣ್ಣಲ್ಲೂ ನೀರು ಬಂತು.

"ಬದುಕಿದ್ದಾಗ ಇದನ್ನೆಲ್ಲ ಯಾಕೋ ಹೇಳಲಿಲ್ಲ?"

"ಆವಾಗ ನನಗೆ ಹಾಗನ್ನಿಸಿರಲಿಲ್ಲ ಸಾರ್."

ಸೋಮವಾರ ವ್ಯವಸ್ಥೆಯು ಸಂತಾಪ ಸೂಚಿಸಿ ಎಕೊನನ್ನು ಬಿಡುಗಡೆ ಮಾಡಿತು. ಪಿಂಚಣಿ ಹೆಂಡತಿ ಎಫುವಾಳ ಹೆಸರಿಗೆ ಬಂತು. ಕಡಲು ತೆರೆಯುವ ದಿನ ಬೆಳಗಾಗುವ ಮೊದಲೇ ಎಕೊ ಪಂಚೆ ಎತ್ತಿ ಕಟ್ಟಿಕೊಂಡು ದಡಕ್ಕೆ ಬಂದ. ದೋಣಿ ನೀರಿಗಿಳಿದಿತ್ತು. ಅವನು ಅದರ ಅಂಚಿಗೆ ಕೈ ಹಾಕಿದ್ದೇ ತಡ, ದೋಣಿ ನಡೆಸುವ ತಂಡದ ಮುಖಂಡ ಕೊಬಿನಾ ಹುಟ್ಟು ಅಡ್ಡ ಹಿಡಿದ.

"ಬೇಡ ಅಣ್ಣಾ. ಹೂಳಿದವರನ್ನ ದೋಣಿ ಹತ್ತಿಸಬಾರದು. ಸಮುದ್ರದಮ್ಮ ಸುಮ್ನಿರಲ್ಲ."

"ಲೇ, ಅದು ಸುಳ್ಳು ಸಾವು ಕಣೋ! ನೀನೂ ಬಂದಿದ್ದೆಯಲ್ಲ, ನನ್ನ ಪಕ್ಕದಲ್ಲೇ ಕೂತಿದ್ದೆ!"

"ಸಾವು ಸುಳ್ಳಿರಬಹುದು. ಊಟ ನಿಜ. ನಾನು ಎರಡು ಸಲ ಬಡಿಸ್ಕೊಂಡಿದೀನಿ. ಉಂಡು ಇಲ್ಲ ಅನ್ನೋಕಾಗುತ್ತಾ?"

ಎಕೊ ಹೆಂಡತಿಯ ಕಡೆ ನೋಡಿದ. ಎಫುವಾ ಕಪ್ಪು ಬಟ್ಟೆಯಲ್ಲಿ ದಡದ ಮೇಲೆ ಮೀನಿನ ಬುಟ್ಟಿಗಳ ನಡುವೆ ಕೂತಿದ್ದಳು.

"ಎಫುವಾ, ಇವನಿಗೆ ಹೇಳೇ! ದೋಣಿ ನಂದು ಅಂತ ಹೇಳೇ!"

"ನಿಮ್ಮದಾಗಿತ್ತು ಕಣ್ರೀ," ಎಂದಳು ಅವಳು, ಮೆತ್ತಗೆ. "ಈಗ ನಾನು ನೋಡ್ಕೋತೀನಿ. ಇನ್ನೊಂದು ಮಾತು. ವರ್ಷದ ಶೋಕ ಮುಗಿಯೋವರೆಗೂ ರಾತ್ರಿ ಹೊತ್ತು ಮನೆಗೆ ಬರಬೇಡಿ. ವಿಧವೆ ಮನೆ. ನೋಡಿದವರು ಏನಂದ್ಕೋತಾರೆ?"

ದೋಣಿ ಅಲೆ ಏರಿ ಹೋಯಿತು. ಹಳದಿ ಅಕ್ಷರಗಳು ಕಾಣುವಷ್ಟು ಹೊತ್ತೂ ಎಕೊ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಸತ್ತವರಿಗೆ ಇಷ್ಟು ಸಂಕಟ ಆಗುತ್ತದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಊರಿನಲ್ಲಿ ಅವನಿಗೆ ಹೋಗಲು ಇನ್ನು ಒಂದೇ ಒಂದು ಜಾಗ ಉಳಿದಿತ್ತು.

ಅಲ್ಲಿ, ಮಂಡಳಿಯ ಬಾಗಿಲಿಗೆ, ಆಗಲೇ ವ್ಯವಸ್ಥೆಯು ಪ್ರಕಟಣೆ ಅಂಟಿಸಿತ್ತು: 'ಶ್ರೀ ಎಕೊ ಆಮಿಸ್ಸಾರವರ ಅಕಾಲಿಕ ನಿಧನದಿಂದ ತೆರವಾದ ಸ್ಥಾನಕ್ಕೆ ಅರ್ಜಿ ಆಹ್ವಾನಿಸಲಾಗಿದೆ. ಮೃತರಷ್ಟೇ ಅನುಭವವುಳ್ಳವರಿಗೆ ಆದ್ಯತೆ.'

"ಅನುಭವ ಸರಿಯಾಗಿ ಹೊಂದುತ್ತೆ," ಎಂದರು ಅರಾಬಾ ಮೇಡಂ, ಅವನ ಒದ್ದೆ ಪಂಚೆಯನ್ನೊಮ್ಮೆ ನೋಡಿ.

"ವಯಸ್ಸು, ಮೇಡಂ? ಐದನೇ ಕಲಮು?"

"ಸತ್ತವರ ವಯಸ್ಸನ್ನ ಅದು ಅಳಿಸಿಬಿಡುತ್ತೆ. ಖಾಲಿ ಇದ್ರೆ ಮೂವತ್ತೈದರ ಒಳಗೆ ಅಂತಲೇ ಲೆಕ್ಕ."

"ಸತ್ತವನಿಗೆ ಕೆಲಸ ಕೊಡ್ತೀರಾ? ದೋಣಿಯವರೇ ಹತ್ತಿರ ಸೇರಿಸಲಿಲ್ಲ."

ಮೇಡಂಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಏನ್ ಮಾತಾಡ್ತೀರಾ ಎಕೊ? ಸತ್ತವರಿಗೆ ಈ ಮಂಡಳೀಲಿ ಯಾವತ್ತಾದ್ರೂ ಸಂಬಳ ನಿಂತಿದ್ದುಂಟಾ? ಅವರೆಲ್ಲರ ಸಂಬಳ ಮನೆಗೇ ಹೋಗುತ್ತೆ, ಅವರು ಮಾತ್ರ ಬರಲ್ಲ. ನೀವೊಬ್ಬರಾದ್ರೂ ಕೆಲಸಕ್ಕೆ ಬರ್ತೀರಿ ಅಂತ ಸಂತೋಷ."

ಎಕೊ ಹಾಜರಿಗೆಂದು ಯಂತ್ರದ ಮೇಲೆ ಬೆರಳು ಒತ್ತಿದ. 'ಸುಸ್ವಾಗತ, ದಿವಂಗತ ಎಕೊ ಆಮಿಸ್ಸಾ' ಎಂದಿತು ವ್ಯವಸ್ಥೆ. ಅವನು ಕೊನೆಗೂ ಕ್ರಮಬದ್ಧವಾಗಿ ಬಂದಿದ್ದ. ಅರವತ್ತು ತುಂಬಿದ ಕೂಡಲೇ ಕ್ರಮಬದ್ಧವಾಗಿ ಹೋಗಬಹುದೆಂದು ಮೇಡಂ ಭರವಸೆ ಕೊಟ್ಟರು.

ಉಗ್ರಾಣದಲ್ಲಿ ಅವನ ಹಳೆಯ ಕುರ್ಚಿಯಲ್ಲಿ ಫೀಫಿ ಕೂತಿದ್ದ. ತಂದೆಗೆ ಸಮಾನನಾದವನನ್ನು ಅವನು ಮೇಲಿಂದ ಕೆಳಗೆ ನೋಡಿದ.

"ಹೊಸದಾಗಿ ಬಂದವರು ಚಹಾ ತರಬೇಕು," ಎಂದ.

ಎಕೊ ತರಲು ಹೋದ.