ಕಾಕಾನ ನಾಲ್ಕು ತೂತುಗಳು

ನಮ್ಮ ಕಾಕಾ ಮನುಷ್ಯರನ್ನು ಸುಲಭವಾಗಿ ನಂಬುವವರಲ್ಲ; ಗೋಡೆಗಳನ್ನಂತೂ ನಂಬುವುದೇ ಇಲ್ಲ. ಅವರು ನಂಬುವುದು ತೂತುಗಳನ್ನು! ಅದೂ ಒಂಟಿ ತೂತನ್ನಲ್ಲ, ನಾಲ್ಕರ ಗುಂಪನ್ನು. ರೋಣದಲ್ಲಿ ಲೇತ್ ಅಂಗಡಿ ಇಟ್ಟು ತಲೆ ನರೆಸಿಕೊಂಡವರು ಅವರು. ಕಬ್ಬಿಣದ ಪ್ಲೇಟನ್ನು ಯಾರಾದರೂ ಅಂಚಿನಿಂದ ಅಳೆದರೆ ಮೈಮೇಲೆ ಬಂದಂತೆ ಆಡುತ್ತಾರೆ.

"ಅಂಚು ಗ್ಯಾಸಿನ್ಯಾಗ ಕೊಯ್ದದ್ದು, ಹ್ಯಾಂಗ ಬೇಕಾದ್ರೂ ಇರತೈತಿ. ಬೋಲ್ಟ್ ಕೂಡೂದು ತೂತಿನ್ಯಾಗ. ಒಂದು ತೂತು ಕೂದಲಷ್ಟು ಸರದಿರಬಹುದು. ನಾಲ್ಕೂ ಕೂಡಿದ್ರ ನಟ್ಟನಡುವು ಯಾವುದು, ದಿಕ್ಕು ಯಾವುದು, ಖರೇ ಹೇಳ್ತಾವ. ಅಲ್ಲಿಂದ ಅಳಿ!"

ಅಂಗಡಿಯಲ್ಲಿ ಇದೆಲ್ಲ ಸರಿ. ನರಗುಂದದ ನಮ್ಮ ಮನೆಗೆ ಟಿ.ವಿ. ಕೂಡಿಸಲು ಬಂದಾಗ? ಅದರ ಬೆನ್ನಿನ ನಾಲ್ಕು ತೂತು ಹಿಡಿದು, ರಸಮಟ್ಟ ಇಟ್ಟು, ಗೋಡೆಯ ಅಂಚನ್ನು ಕಣ್ಣೆತ್ತಿಯೂ ನೋಡದೆ ಬಿಗಿದುಬಿಟ್ಟರು. ನೋಡಿ ನೋಡಿ ನಮ್ಮೆಲ್ಲರ ಕುತ್ತಿಗೆ ಸೊಟ್ಟಗಾಯಿತು.

"ಕಾಕಾ, ಟಿ.ವಿ. ವಾಲೇತಲ್ರಿ!"

"ಟಿ.ವಿ. ನೆಟ್ಟಗೈತಿ. ನಿಮ್ಮ ಮನಿ ವಾಲೇತಿ."

ಹೀಗೆಂದು ಚಹಾ ಕುಡಿದು ಬಸ್ಸು ಹತ್ತಿದರು. ಅದೇ ಮನೆಯಲ್ಲಿ ನಾವು ಸಂಸಾರ ಮಾಡಬೇಕಲ್ಲ!

ಆದರೆ ನನ್ನ ಎದೆ ನಿಜವಾಗಿ ಧಸಕ್ಕೆಂದದ್ದು ಅವರು ತಮ್ಮ ಸ್ವಂತ ಮನೆ ಕೆಡವಿ ಕಟ್ಟಿಸುವಾಗ. ಗೋಡೆಗಳು ಬಿರುಕು ಬಿಟ್ಟಿದ್ದವು, ಕಟ್ಟಿಸದೆ ಗತಿಯಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕುವಿಗೋ ಹೋದ ವರ್ಷವೇ ಕಣ್ಣು ಪೂರ್ತಿ ಹೋಗಿದ್ದವು. "ಹಳೇ ಮನಿಯಾಗ ಹ್ಯಾಂಗೋ ಅಡ್ಡಾಡತಿದ್ದೆ. ಹೊಸಾದ್ರಾಗ ನಾ ಖರೇನ ಕುರುಡಿ ಆಗ್ತೀನಿ" ಎಂದು ಅತ್ತು ಗಜೇಂದ್ರಗಡದ ಮಗಳ ಮನೆಗೆ ಹೋಗಿದ್ದರು. ನಮಗೆಲ್ಲ ಅದೇ ಚಿಂತೆ. ಕಾಕಾನಿಗೆ? ತೂತಿನ ಚಿಂತೆ!

ಕಾಕುವಿನ ಹೊಲಿಗೆ ಯಂತ್ರ ಅಲುಗಾಡಬಾರದೆಂದು ಕಾಕಾ ಮದುವೆಯಾದ ಹೊಸದರಲ್ಲೇ ಪಡಸಾಲೆಯ ಹಾಸುಗಲ್ಲಿಗೆ ನಾಲ್ಕು ತೂತು ಕೊರೆದು ಬಿಗಿದಿದ್ದರು. ಮದಲಗಿತ್ತಿ ಬೆಚ್ಚಿಬಿದ್ದಿದ್ದರಂತೆ! ಈಗ ಮನೆಯೆಲ್ಲ ನೆಲಕ್ಕುರುಳಿದರೂ ಆ ಕಲ್ಲನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ತೂತಿನಿಂದ ತೂತಿಗೆ ಅಡ್ಡಡ್ಡ ದಾರ ಕಟ್ಟಿ, ಬಾಗಿಲು, ಒಲೆಕಟ್ಟೆ, ನೀರಿನ ಹರವಿ, ಎಲ್ಲವನ್ನೂ, ಕೆಡವುವ ಮೊದಲೇ ಬರೆದಿಟ್ಟ ಚೀಟಿ ನೋಡಿ, ಅಲ್ಲಿಂದಲೇ ಅಳೆಸಿದರು. ಗೋಡೆ ಕಟ್ಟುತ್ತಿದ್ದ ಗೌಂಡಿ ಕೈಯಲ್ಲಿದ್ದ ಕರಣಿ ಒಗೆದ.

"ಯಜಮಾನ್ರ, ಅಡಿಗಿಮನಿ ಬಾಗಲಾ ಗ್ವಾಡಿ ನಡುವ ಬರವಲ್ದು! ಹರವಿ ಹಾದಿಗೆ ಬರತೈತಿ! ಮಂದಿ ನಗತಾರ್ರಿ!"

"ನಗ್ಲಿ ಬಿಡು. ಗ್ವಾಡಿ ಎಲ್ಲಿ ಬೇಕಾದ್ರೂ ಇರಲಿ."

ಗೃಹಪ್ರವೇಶದ ಮನೆಶಾಂತಿಗೆ ಹೋದ ನಾನು ಬಾಯಿ ತೆರೆದು ನಿಂತೆ. ಹೊಚ್ಚಹೊಸ ಮನೆ, ನಡುಹಾದಿಯಲ್ಲಿ ಹರವಿ! ಈ ಮನುಷ್ಯನಿಗೆ ತಲೆ ನೆಟ್ಟಗಿದೆಯೇ? ಕಣ್ಣಿದ್ದವರೇ ಎಡವುವ ಜಾಗ!

ಕಾಕುವನ್ನು ಕೈಹಿಡಿದು ತಂದು, ಅದೇ ನಾಲ್ಕು ತೂತಿಗೆ ಮತ್ತೆ ಬಿಗಿದಿದ್ದ ಹೊಲಿಗೆ ಯಂತ್ರದ ಮುಂದೆ ಕೂಡಿಸಿದೆವು. ಅವರು ಅದರ ಮೈ ಸವರಿ ಎದ್ದರು. "ಕಾಕು, ನಿಂದರ್ರಿ, ಕೈ ಕೊಡ್ರಿ" ಎಂದು ನಾನು ಓಡುವಷ್ಟರಲ್ಲಿ ನೆಟ್ಟಗೆ ಹರವಿಗೆ ಹೋಗಿ ನೀರು ಮೊಗೆದು ಕುಡಿದರು. ಅಲ್ಲಿಂದ ತಿರುಗಿ, ತಡಕಾಡದೆ, ಅಡುಗೆಮನೆಯ ಬಾಗಿಲು ದಾಟಿದರು.

ಒಳಗಿನಿಂದ ಜೋರು ದನಿ ಬಂತು: "ಏನ್ರಿ, ಹೊಸಾ ಮನಿ ಕಟ್ಟಿಸ್ತೀನಿ ಅಂದಿದ್ರಿ. ಏನೂ ಕಟ್ಟಿಸಿಲ್ಲಲ್ರಿ?"

ನನ್ನ ಕಣ್ಣು ತುಂಬಿ ಬಂದವು. ಕಾಕಾ ಹೊಸ ಗೋಡೆಗೆ ಒರಗಿ ನಿಂತಿದ್ದರು.

"ಇಲ್ಲ," ಎಂದರು. "ಬರೇ ಗ್ವಾಡಿ ಬದ್ಲಿ ಮಾಡೀನಿ."